ಗ್ರೀನ್ಸ್ ಥಿಯರಂ ಈ ವರ್ಷವೂ ಸರಿ ಬಂತು

ಶುಭ ಸುದ್ದಿ. ಗ್ರೀನ್ಸ್ ಥಿಯರಂ ಈ ವರ್ಷವೂ ಸರಿ ಬಂದಿದೆ. ಒಂದು ಜಾಗದ ಅಂಚು ಸುತ್ತಿ ಕೂಡಿಸಿದ ಲೆಕ್ಕವೂ, ಆ ಜಾಗದ ಒಳಗೆಲ್ಲ ಕೂಡಿಸಿದ ಲೆಕ್ಕವೂ ಒಂದೇ ಅನ್ನುವ ಗಣಿತದ ಪ್ರಮೇಯ ಅದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಡಿಗ್ರಿ ಕಾಲೇಜುಗಳಲ್ಲಿ ಸಾಲಾಗಿ ಕೂತ ಹುಡುಗ ಹುಡುಗಿಯರು ಮೂರು ತಾಸು ಬೆವರು ಸುರಿಸಿ, ಎಡಗಡೆಗೂ ಬಲಗಡೆಗೂ ವ್ಯತ್ಯಾಸವಿಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದಾರೆ. ಕೆಳಗೆ ಎರಡು ಗೆರೆ ಎಳೆದು 'ಹೆನ್ಸ್ ವೆರಿಫೈಡ್' ಅಂತ ಬರೆದಿದ್ದಾರೆ. ಜಾತಿ ಪ್ರಮಾಣಪತ್ರಕ್ಕೂ ಇಷ್ಟು ಸಲ ವೆರಿಫಿಕೇಶನ್ ಆಗುವುದಿಲ್ಲ.

ಪಾಪ, ಆ ಥಿಯರಂ ಮೇಲೆ ಇಷ್ಟು ಅನುಮಾನ ಯಾಕೋ! ಒಮ್ಮೆ ಸಾಬೀತಾಯಿತು ಅಂದ್ರೆ ಷರತ್ತಿಗೆ ಒಪ್ಪುವ ಎಲ್ಲ ಕರ್ವಿಗೂ ಸಾಬೀತಾದಂತೆ ಅಲ್ವಾ? ಹಿಂದಿನ ಪುಟದಲ್ಲಿ ಆರು ಅಂಕಕ್ಕೆ ಅದನ್ನೇ ಪ್ರೂವ್ ಮಾಡಿದ ಹುಡುಗ, ಪುಟ ತಿರುಗಿಸಿ ಐದು ಅಂಕಕ್ಕೆ ಅದು ನಿಜವೋ ಸುಳ್ಳೋ ಅಂತ ಪರೀಕ್ಷೆ ಮಾಡುತ್ತಾನೆ. ಯಾರೂ ನಗುವುದಿಲ್ಲ. ಸೂಪರ್‌ವೈಸರ್ ಅಡಿಷನಲ್ ಶೀಟ್ ಕೊಡುತ್ತಾರೆ.

ಪ್ರಶ್ನೆಯಾದರೂ ಊರಿಗೆಲ್ಲ ಗೊತ್ತಿರುವುದೇ. ಎಕ್ಸ್‌ವೈ ಪ್ಲಸ್ ವೈ ಸ್ಕ್ವೇರ್ ಡಿಎಕ್ಸ್, ಪ್ಲಸ್ ಎಕ್ಸ್ ಸ್ಕ್ವೇರ್ ಡಿವೈ. ಒಂದು ನೇರ ಗೆರೆ, ವೈ ಈಕ್ವಲ್ ಟು ಎಕ್ಸ್. ಒಂದು ಪ್ಯಾರಾಬೋಲಾ, ವೈ ಈಕ್ವಲ್ ಟು ಎಕ್ಸ್ ಸ್ಕ್ವೇರ್. ಇವೆರಡರ ನಡುವಿನ ಚೂರು ಜಾಗವನ್ನು ಸುತ್ತಿ ಬರಬೇಕು. ಪ್ಯಾರಾಬೋಲಾ ಹಿಡಿದು ಹೋದರೆ 19/20. ಗೆರೆ ಹಿಡಿದು ವಾಪಸ್ ಬಂದರೆ ಮೈನಸ್ 1. ಕೂಡಿಸಿದರೆ ಮೈನಸ್ 1/20. ಅದೇ ಜಾಗದ ಮೇಲೆ ಡಬಲ್ ಇಂಟೆಗ್ರಲ್, ಅಂದರೆ ಒಳಗಿನ ಲೆಕ್ಕ, ಮಾಡಿದರೂ 1/5ರಲ್ಲಿ 1/4 ಕಳೆದು ಮತ್ತದೇ ಮೈನಸ್ 1/20. ಎಂಥ ಚೆಂದದ ಲೆಕ್ಕ! ಸುಮ್ನೆ ಹೇಳುತ್ತಿಲ್ಲ, ಮೊದಲ ಸಲ ಮಾಡಿದಾಗ ಮೈ ಜುಂ ಅನ್ನುತ್ತದೆ.

ಆದರೆ ವಾಪಸ್ ಬರುವಾಗ ಲಿಮಿಟ್ಟು 1ರಿಂದ 0ಗೆ ಇರಬೇಕು. ಅವಸರದಲ್ಲಿ 0ಯಿಂದ 1ಕ್ಕೆ ಹಾಕಿಬಿಟ್ಟರೆ ಮೈನಸ್ 1 ಹೋಗಿ ಪ್ಲಸ್ 1 ಆಗಿ, ಮೊತ್ತ 39/20 ಬಂದು ಕೂರುತ್ತದೆ. ಉತ್ತರ ಮೈನಸ್ 1/20 ಅಂತ ಮೊದಲೇ ಬಾಯಿಪಾಠ ಇದೆ. ಆಗ ಏನು ಮಾಡುತ್ತಾರೆ? ಒಂದು ಸಾಲಿನಲ್ಲಿ 39/20. ಮುಂದಿನ ಸಾಲಿನಲ್ಲಿ ಮೈನಸ್ 1/20. ನಡುವೆ 'ಆನ್ ಸಿಂಪ್ಲಿಫಿಕೇಶನ್'. ಹನುಮ ಹುಟ್ಟಿದ್ದು ಅನ್ನುವ ಅಂಜನಾದ್ರಿ ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದೆ, ಜಿಗಿತ ನಮಗೆ ಹೊಸದೇನಲ್ಲ. ಇನ್ನು ಕೆಲವರದ್ದು ಸೂಕ್ಷ್ಮ ಕೆಲಸ. ಉತ್ತರವೆಲ್ಲ ನೀಲಿ ಇಂಕಿನಲ್ಲಿ, ಮುಂದಿನ ಮೈನಸ್ ಚಿಹ್ನೆ ಮಾತ್ರ ಪಕ್ಕದವನ ಕಪ್ಪು ಪೆನ್ನಿನಲ್ಲಿ. ವ್ಯಾಲ್ಯುವೇಟರ್ ಕಣ್ಣು ಕೊನೇ ಸಾಲಿಗೆ ಹೋಗುತ್ತದೆ. ಎಲ್.ಎಚ್.ಎಸ್. ಈಕ್ವಲ್ ಟು ಆರ್.ಎಚ್.ಎಸ್. ಟಿಕ್.

ಈ ಜಾರ್ಜ್ ಗ್ರೀನ್ ಯಾರು ಅಂತ ಕ್ಲಾಸಿನಲ್ಲಿ ಹೇಳುವ ಪದ್ಧತಿ ಇಲ್ಲ, ಅದಕ್ಕೆ ಅಂಕ ಇಲ್ಲವಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವನು. ಅಪ್ಪನ ಗಾಳಿಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದ. ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ. 1828ರಲ್ಲಿ ತನ್ನ ಪ್ರಬಂಧವನ್ನು ಚಂದಾ ಎತ್ತಿ ತಾನೇ ಅಚ್ಚು ಹಾಕಿಸಿದ. ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಸೇರಿದಾಗ ವಯಸ್ಸು ನಲವತ್ತು. ಅವನು ಈಗ ನಮ್ಮ ಕಡೆ ಬಂದು ತನ್ನದೇ ಥಿಯರಂ ಪಾಠ ಮಾಡ್ತೀನಿ ಅಂದರೆ ಅತಿಥಿ ಉಪನ್ಯಾಸಕನಾಗಿಯೂ ತಗೊಳ್ಳುವುದಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಇಲ್ಲ, ಕೆ-ಸೆಟ್ ಇಲ್ಲ. ತಗೊಂಡರೂ ಪಗಾರಕ್ಕಾಗಿ ಕಾಲೇಜು ಮುಂದೆ ಶಾಮಿಯಾನ ಹಾಕಿ ಕೂರಬೇಕಾಗುತ್ತದೆ. ಗಿರಣಿಯೇ ವಾಸಿ.

ಗ್ರೀನ್ಸ್ ಥಿಯರಂ ಅನ್ನೇ ಬಾಗಿದ ಮೇಲ್ಮೈಗೂ ಹಚ್ಚುವ ಸ್ಟೋಕ್ಸ್ ಥಿಯರಂದು ಇನ್ನೂ ಮಜಾ. ಅದನ್ನು 1850ರಲ್ಲಿ ಪತ್ರದಲ್ಲಿ ಬರೆದು ಸ್ಟೋಕ್ಸ್‌ಗೆ ಕಳಿಸಿದ್ದು ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು. ಸ್ಟೋಕ್ಸ್ ಅದನ್ನು 1854ರಲ್ಲಿ ಕೇಂಬ್ರಿಜ್‌ನ ಸ್ಮಿತ್ಸ್ ಪ್ರೈಜ್ ಪರೀಕ್ಷೆಗೆ ಪ್ರಶ್ನೆಯಾಗಿ ಹಾಕಿದ. ಮೊದಲು ಅಚ್ಚಾದದ್ದೇ ಆ ಪ್ರಶ್ನೆಪತ್ರಿಕೆಯಲ್ಲಿ! ಆ ಪರೀಕ್ಷೆಗೆ ಕೂತವರಲ್ಲಿ ಮ್ಯಾಕ್ಸ್‌ವೆಲ್ ಒಬ್ಬ. ಅವನು ಮುಂದೆ ಇದೇ ಗಣಿತ ಹಿಡಿದು ವಿದ್ಯುತ್ತು, ಅಯಸ್ಕಾಂತ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದ. ಪ್ರಶ್ನೆಪತ್ರಿಕೆಯಲ್ಲಿ ಹುಟ್ಟಿದ ಥಿಯರಂ ಅಲ್ಲಿಂದ ಹೊರಗೆ ಹೋಯಿತು. ನಾವು ಅದನ್ನು ಕೈಹಿಡಿದು ಕರೆತಂದು ಮತ್ತೆ ಪ್ರಶ್ನೆಪತ್ರಿಕೆಯಲ್ಲೇ ಕೂಡಿಹಾಕಿದ್ದೇವೆ.

"ಸರ್, ಈ ಸಲ ಸ್ಟೋಕ್ಸ್ ಬರ್ತೈತೋ, ಗಾಸ್ ಬರ್ತೈತೋ?" ಗಾಸ್‌ದು ಇನ್ನೊಂದು ಥಿಯರಂ. ಇಡೀ ಸೆಮಿಸ್ಟರ್‌ನಲ್ಲಿ ಕೇಳಿಬರುವ ಒಂದೇ ಗಂಭೀರ ಪ್ರಶ್ನೆ ಇದು. ಮೇಷ್ಟ್ರಿಗೆ ಗೊತ್ತಿರುವುದಿಲ್ಲ. ಜೆರಾಕ್ಸ್ ಅಂಗಡಿಯವನಿಗೆ ಗೊತ್ತಿರುತ್ತದೆ. ಹೋದ ಸಲ ಸ್ಟೋಕ್ಸ್ ಬಂದಿತ್ತು, ಆದ್ದರಿಂದ ಈ ಸಲ ಗಾಸ್. ಹತ್ತು ಪುಟ, ಇಪ್ಪತ್ತು ರೂಪಾಯಿ.

ಸಿಲಬಸ್ಸು ಮಾತ್ರ ಸದಾ ಹೊಸದು. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು, 2024ರಲ್ಲಿ ಮತ್ತೆ ಮೂರಕ್ಕೆ ಇಳಿಯಿತು. ಪಾರ್ಶಿಯಲ್ ಡೆರಿವೇಟಿವ್‌ನಲ್ಲಿ ಒಂದನ್ನು ಬದಲಿಸುವಾಗ ಉಳಿದದ್ದನ್ನು ಕಾನ್‌ಸ್ಟಂಟ್ ಅಂತ ಹಿಡಿಯಬೇಕು. ಸರ್ಕಾರಕ್ಕೆ ಈ ಒಂದು ಪಾಠ ಚೆನ್ನಾಗಿ ತಲೆಗೆ ಹತ್ತಿದೆ. ಸ್ಕೀಮು ಬದಲಾಗುತ್ತದೆ, ಖಾಲಿ ಹುದ್ದೆ ಕಾನ್‌ಸ್ಟಂಟ್.

ಇರಲಿ. ನನ್ನ ತಕರಾರು ಬೇರೆ. ಪುಸ್ತಕದಲ್ಲಿ ಸರ್ಫೇಸ್ ಇಂಟೆಗ್ರಲ್, ಅಂದರೆ ಒಂದು ಮೇಲ್ಮೈ ಉದ್ದಗಲಕ್ಕೂ ಕೂಡಿಸುವ ಲೆಕ್ಕ, ಬಂದಾಗ ನೀರು ಹರಿಯುವುದು ಎಕ್ಸ್ ಸ್ಕ್ವೇರ್ ಪ್ಲಸ್ ವೈ ಸ್ಕ್ವೇರ್ ಪ್ಲಸ್ ಝಡ್ ಸ್ಕ್ವೇರ್ ಈಕ್ವಲ್ ಟು ಎ ಸ್ಕ್ವೇರ್ ಎಂಬ ಗೋಳದ ಮೂಲಕ. ಇಂಥ ನೀರನ್ನು ನಮ್ಮ ಮೂರು ಜಿಲ್ಲೆಯಲ್ಲಿ ಯಾರೂ ಕಂಡಿಲ್ಲ. ಅದೇ ತುಂಗಭದ್ರಾ ಡ್ಯಾಮಿನಿಂದ ಇವತ್ತು ಎಷ್ಟು ಕ್ಯುಸೆಕ್ ಬಿಟ್ಟರು ಅಂತ ಕೇಳಿ, ಚಹಾ ಅಂಗಡಿಯ ಹುಡುಗನೂ ಹೇಳುತ್ತಾನೆ. ಕ್ಯುಸೆಕ್ ಅಂದ್ರೆ ಫ್ಲಕ್ಸೇ, ಒಂದು ಬಾಯಿಯನ್ನು ದಾಟಿ ಹೋಗುವ ಹರಿವು. ಗೇಟಿನ ಬಾಯಿಯ ಮೇಲೆ ನೀರಿನ ವೇಗವನ್ನು ಇಂಟೆಗ್ರೇಟ್ ಮಾಡಿದರೆ ಸೆಕೆಂಡಿಗೆ ಇಷ್ಟು ಘನ ಅಡಿ ಅಂತ ಬರುವುದು ಅದೇ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತಲ್ಲ, ಆ ವಾರವೆಲ್ಲ ಇಡೀ ಸೀಮೆ ಸರ್ಫೇಸ್ ಇಂಟೆಗ್ರಲ್ ಬಗ್ಗೆಯೇ ಮಾತಾಡಿತು. ಕ್ಲಾಸ್‌ರೂಮಿನಲ್ಲಿ ಮಾತ್ರ ಗೋಳ ನಡೆಯುತ್ತಿತ್ತು. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ 105.788ಕ್ಕೆ ಇಳಿದಿದೆ. ಆ ಹೂಳು ಅಳೆಯುವುದು ಆಳವನ್ನು ವಿಸ್ತೀರ್ಣದ ಮೇಲೆ ಡಬಲ್ ಇಂಟೆಗ್ರಲ್ ಮಾಡಿಯೇ. ಪ್ರಶ್ನೆಪತ್ರಿಕೆಗೆ ಇದು ಬೇಡ, ಔಟ್ ಆಫ್ ಸಿಲಬಸ್.

ಗಾಸ್‌ನ ಡೈವರ್ಜೆನ್ಸ್ ಥಿಯರಂ ಏನು ಹೇಳುತ್ತದೆ? ಒಂದು ಜಾಗದ ಒಳಗೆ ಎಷ್ಟು ಹುಟ್ಟಿತು, ಎಷ್ಟು ಮಾಯವಾಯಿತು ಎಂದು ತಿಳಿಯಲು ಒಳಗೆ ಹೋಗಿ ಹುಡುಕಬೇಕಿಲ್ಲ. ಗಡಿಯಲ್ಲಿ ನಿಂತು ಒಳಬಂದದ್ದು, ಹೊರಹೋದದ್ದು ಅಳೆದರೆ ಸಾಕು. ಈಗ ತುಂಗಭದ್ರಾ ಎಡದಂಡೆ ಕಾಲುವೆ ನೋಡಿ, ಸುಮಾರು 227 ಕಿ.ಮೀ. ಉದ್ದ. ತಲೆ ಮುನಿರಾಬಾದಿನಲ್ಲಿ, ಬಾಲ ರಾಯಚೂರು ಜಿಲ್ಲೆಯಲ್ಲಿ. ಈ ಯೋಜನೆಯಲ್ಲಿ ಭತ್ತಕ್ಕಿಂತ ಕಡಿಮೆ ನೀರು ಸಾಕಾಗುವ ಲಘು ನೀರಾವರಿ ಬೆಳೆಗೇ ಜಾಸ್ತಿ ಜಾಗ ಇಟ್ಟಿದ್ದರು. ಆದರೆ ತಲೆಭಾಗದ ಗಂಗಾವತಿ ಕಡೆ ಕಣ್ಣು ಹಾಯಿಸಿದಷ್ಟೂ ಭತ್ತ. ದಂಡೆಯುದ್ದಕ್ಕೂ ಪಂಪ್‌ಸೆಟ್ಟು, ಪೈಪು. ಮಾನ್ವಿ, ಸಿರವಾರದ ಕೊನೆಭಾಗದ ರೈತ ಮಾತ್ರ ಪ್ರತಿ ಹಂಗಾಮಿಗೂ ರಸ್ತೆಗೆ ಬಂದು ಕೂರುತ್ತಾನೆ. ಅವನು 69ನೇ ಮೈಲಿನಲ್ಲಿ ಗೇಜ್ (ನೀರಿನ ಮಟ್ಟ) ಎಷ್ಟಿದೆ ಅಂತ ಕೇಳುತ್ತಾನೆ. ಯಾವ ಕಾಲೇಜಿಗೂ ಹೋಗದೆ ಅವನು ಗಾಸ್ ಥಿಯರಂ ಹಚ್ಚುತ್ತಿದ್ದಾನೆ. ಎರಡು ಕಡೆ ಅಳತೆ, ಒಂದು ಕಳೆಯುವ ಲೆಕ್ಕ, ಉಳಿದದ್ದು ಪಂಪ್‌ಸೆಟ್ಟು.

ಇದನ್ನು ಮಾತ್ರ ಯಾರೂ ವೆರಿಫೈ ಮಾಡುವುದಿಲ್ಲ. ಮಾಡಿದರೆ ಎಲ್.ಎಚ್.ಎಸ್. ಒಂದು ಕಡೆ, ಆರ್.ಎಚ್.ಎಸ್. ಇನ್ನೊಂದು ಕಡೆ ನಿಲ್ಲುತ್ತದೆ. ಅದಕ್ಕೇ ಸಭೆ ಮಾಡುತ್ತಾರೆ. ಸಮೀಕ್ಷೆ ಅನ್ನುತ್ತಾರೆ. ಕಾಲುವೆ ಪಕ್ಕ ನಿಷೇಧಾಜ್ಞೆ ಹಾಕುತ್ತಾರೆ. ನೀರಿನ ಬಗ್ಗೆ ಹೇಳುವುದಾದರೆ, ಅದು ಆಜ್ಞೆ ಓದಿಲ್ಲ.

ನನ್ನದೊಂದು ಸಲಹೆ. ವಿಶ್ವವಿದ್ಯಾಲಯದ ವ್ಯಾಲ್ಯುವೇಟರ್‌ಗಳನ್ನು ಎರಡು ಹಂಗಾಮಿಗೆ ನೀರಾವರಿ ಸಲಹಾ ಸಮಿತಿಗೆ ಎರವಲು ಕೊಡಿ. ಮೂರೇ ದಿನದಲ್ಲಿ ಸ್ಕೀಮ್ ಆಫ್ ವ್ಯಾಲ್ಯುವೇಶನ್ ತಯಾರಾಗುತ್ತದೆ. ಡ್ಯಾಮಿನ ಚಿತ್ರ ಬರೆದಿದ್ದರೆ ಒಂದು ಅಂಕ. ನೀರು ಬಿಡುವ ದಿನಾಂಕ ಪತ್ರಿಕೆಯಲ್ಲಿ ಬಂದಿದ್ದರೆ ಒಂದು. ಸಚಿವರು ಬಾಗಿನ ಬಿಟ್ಟಿದ್ದರೆ ಎರಡು. ಮಾನ್ವಿಗೆ ನೀರು ಮುಟ್ಟದಿದ್ದರೂ ಮೆಥಡ್ ಸರಿ ಇದ್ದರೆ ಸ್ಟೆಪ್ ಮಾರ್ಕ್ಸ್ ಕಡ್ಡಾಯ. ಇಷ್ಟಾಗಿಯೂ ಪಾಸಾಗದಿದ್ದರೆ ಗ್ರೇಸ್ ಹಾಕಿ ಮುಂದಿನ ಹಂಗಾಮಿಗೆ ಕಳಿಸಿ. ರೈತನಿಗೆ ರೀವ್ಯಾಲ್ಯುವೇಶನ್ ಬೇಕಿದ್ದರೆ ಕೊನೇ ದಿನಾಂಕದೊಳಗೆ ಫೀಸು ಕಟ್ಟಿ, ಚಲನ್ ಜೊತೆ ಎರಡು ಜೆರಾಕ್ಸ್ ಲಗತ್ತಿಸಿ ಅರ್ಜಿ ಹಾಕಲಿ.