ಗಾಜಿನ ಹಿಂದೆ ಹೆಬ್ಬಾತು, ಗಾಜಿನ ಮುಂದೆ ಸೋದರಮಾವ

ಹಾಂಗ್‌ಕಾಂಗಿನಲ್ಲಿ ಹಸಿದವರು ಹೋಟೆಲಿನ ಬೋರ್ಡು ಓದಬೇಕಾದ ಅಗತ್ಯವಿಲ್ಲ. ಬೀದಿಗೆ ಮುಖ ಮಾಡಿದ ಗಾಜಿನ ಹಿಂದೆ, ಹಳದಿ ದೀಪದ ಬೆಳಕಿನಲ್ಲಿ, ಕೊರಳಿಗೆ ಕೊಕ್ಕೆ ಸಿಕ್ಕಿಸಿಕೊಂಡ ಕಂದುಬಣ್ಣದ ಹೆಬ್ಬಾತುಗಳು, ಸೋಯಾ ರಸದಲ್ಲಿ ಮಿಂದೆದ್ದ ಕೋಳಿಗಳು, ಅಂಚು ಕರಕಲಾದ ಕೆಂಪು ಹಂದಿಮಾಂಸದ ಪಟ್ಟಿಗಳು ಸಾಲಾಗಿ ನೇತಾಡುತ್ತಿದ್ದರೆ ಒಳಗೆ ಬಿಸಿ ಅನ್ನವೂ ನೂಡಲ್ಸೂ ಸಿದ್ಧವಾಗಿವೆ ಎಂದೇ ಅರ್ಥ. ಕ್ಯಾಂಟನೀಸ್ ಜನ ಈ ಸುಟ್ಟ ಮಾಂಸಗಳನ್ನೆಲ್ಲ ಒಟ್ಟಾಗಿ ‘ಸಿಯು ಮೇ’ ಎಂದು ಕರೆಯುತ್ತಾರೆ. ಐವತ್ತರಿಂದ ಅರವತ್ತು ಹಾಂಗ್‌ಕಾಂಗ್ ಡಾಲರು ಕೊಟ್ಟರೆ ಒಂದು ತಟ್ಟೆ ಅನ್ನ, ಅದರ ಮೇಲೆ ಮಾಂಸ, ಪಕ್ಕದಲ್ಲಿ ಬೇಯಿಸಿದ ಸೊಪ್ಪು, ಅದೃಷ್ಟವಿದ್ದರೆ ಒಂದು ಬಟ್ಟಲು ಸಾರು ಸಿಗುತ್ತವೆ. ಅಷ್ಟೇ ದುಡ್ಡಿಗೆ ನಮ್ಮ ಆಫೀಸಿನ ಕೆಳಗಿರುವ ತಂಪು ಅಂಗಡಿಯಲ್ಲಿ ಕಾಫಿಯ ಜೊತೆಗೆ ಒಂದು ಬಿಸ್ಕತ್ತು ಸಿಕ್ಕರೆ ಪುಣ್ಯ.

ನಾನು ಊಟ ಮಾಡುವ ಅಂಗಡಿ ಕೌಲೂನ್ ಕಡೆಯ ಶಾಮ್ ಶುಯ್ ಪೋ ಎಂಬ ಹಳೆಯ ಬಡಾವಣೆಯಲ್ಲಿದೆ. ಅಲ್ಲಿ ನಗುಮುಖದ ಸ್ವಾಗತವನ್ನು ಯಾರೂ ನಿರೀಕ್ಷಿಸುವುದಿಲ್ಲ, ಯಾರೂ ಕೊಡುವುದೂ ಇಲ್ಲ. ಬಾಗಿಲಲ್ಲಿ ನಿಂತ ಹೆಂಗಸು ಎಷ್ಟು ಜನ ಎಂದು ಕೂಗುತ್ತಾಳೆ, ನಾವು ಬೆರಳು ತೋರಿಸುತ್ತೇವೆ, ಆಕೆ ಗದ್ದ ಆಡಿಸಿದ ದಿಕ್ಕಿನಲ್ಲಿ ಹೋಗಿ ಕೂರುತ್ತೇವೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಇಡೀ ಊರಿನ ಆಫೀಸುಗಳು ಒಮ್ಮೆಗೇ ಹಸಿದು ಬೀದಿಗಿಳಿಯುವುದರಿಂದ, ತಿಂದವರು ಬೇಗ ಎದ್ದು ಹೊರಗೆ ಸಾಲಿನಲ್ಲಿ ನಿಂತವರಿಗೆ ಜಾಗ ಬಿಡುವುದೇ ಅಲ್ಲಿನ ಸಂಸ್ಕಾರ. ಇದನ್ನು ಅರ್ಥಮಾಡಿಕೊಂಡವರಿಗೆ ಆ ಗದರಿಕೆಯ ದನಿಯಲ್ಲೂ ಒಂದು ಬಗೆಯ ಮರ್ಯಾದೆ ಕೇಳಿಸುತ್ತದೆ. ತೊಂದರೆ ಏನೆಂದರೆ, ಸಕಲೇಶಪುರದ ಕಡೆಯಿಂದ ಬಂದ ನನ್ನ ಸೋದರಮಾವನಿಗೆ ಮರ್ಯಾದೆಯೆಂದರೆ ನಿಧಾನ. ದಾರಿಯಲ್ಲಿ ಸಿಕ್ಕ ನಾಲ್ಕು ಜನರನ್ನು ‘ಊಟ ಆಯ್ತಾ’ ಎಂದು ವಿಚಾರಿಸದೆ ಅವರು ತಮ್ಮ ಊಟಕ್ಕೆ ಕುಳಿತವರಲ್ಲ.

ಆ ದಿನ ಬುಧವಾರ. ಮೆಟ್ರೊ ನಿಲ್ದಾಣದಿಂದ ಮೇಲೆ ಬರುವಾಗಲೇ ಮಾವ ಖುಷಿಯಲ್ಲಿದ್ದರು, ಏಕೆಂದರೆ ಇಲ್ಲಿನ ಮೆಟ್ರೊದ ಹೆಸರು ಎಂ.ಟಿ.ಆರ್. “ಲಾಲ್‌ಬಾಗ್ ಹತ್ರ ಇದ್ದೋರು ಇಲ್ಲೂ ಬ್ರಾಂಚ್ ಹಾಕಿದಾರಾ?” ಎಂದು ಮುಖ ನೆಟ್ಟಗೆ ಇಟ್ಟುಕೊಂಡೇ ಕೇಳಿದರು. ಮಲೆನಾಡಿನಲ್ಲಿ ಹಂದಿಮಾಂಸಕ್ಕೆ ಕಡುಬು, ಅಕ್ಕಿರೊಟ್ಟಿ ಹಚ್ಚಿಕೊಂಡು ಬೆಳೆದವರಾದ್ದರಿಂದ ಅವರಿಗೆ ಏನು ತಿನ್ನಿಸುವುದೆಂಬ ಚಿಂತೆ ನನಗಿರಲಿಲ್ಲ. ಸಸ್ಯಾಹಾರಿ ನೆಂಟರು ಬಂದಾಗ ನಾನು ಪಡುವ ಪಾಡು ಬೇರೆಯದೇ ಆಗಿದ್ದು, ಈ ಊರಿನಲ್ಲಿ ಸೊಪ್ಪಿನ ಪಲ್ಯವೂ ಸಿಂಪಿಯ ಸಾಸು ಸುರಿಸಿಕೊಂಡೇ ಮೇಜಿಗೆ ಬರುವುದರಿಂದ ಆ ಕಥೆಗೆ ಕೊನೆಯೇ ಇಲ್ಲ.

ಬಾಗಿಲಿನ ಹೆಂಗಸು ಎಂದಿನಂತೆ ಕೂಗಿದಳು. ನಾನು ಎರಡು ಬೆರಳು ಎತ್ತುವಷ್ಟರಲ್ಲಿ ಮಾವ ಮುಂದೆ ಬಂದು, ಹಿರಿಯ ಹೆಣ್ಣುಮಗಳೆಂಬ ಗೌರವದಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ಬೆರಳು ಎಣಿಸಿಯೇ ಮನುಷ್ಯರನ್ನು ಲೆಕ್ಕ ಹಾಕುವ ಆಕೆಗೆ ಒಮ್ಮೆಗೇ ಹತ್ತು ಬೆರಳು ಕಂಡಿದ್ದರಿಂದ, ನಮ್ಮ ಹಿಂದೆ ಉಳಿದ ಎಂಟು ಮಂದಿ ಎಲ್ಲಿದ್ದಾರೆಂದು ಕತ್ತು ಉದ್ದ ಮಾಡಿ ನೋಡಿದಳು. ನಾನು ಮಾವನ ಕೈ ಕೆಳಗಿಳಿಸಿ ಎರಡು ಬೆರಳು ತೋರಿಸಿದೆ. ಅಲ್ಲಿಂದ ಮಾವ ನೇರವಾಗಿ ಮೇಜಿಗೆ ಬರಲಿಲ್ಲ. ಗೋಡೆಯ ಮೂಲೆಯಲ್ಲಿ ಕೆಂಪು ದೀಪದ ನಡುವೆ ಗಡ್ಡಧಾರಿ ಯೋಧನ ಮೂರ್ತಿಯೊಂದನ್ನು ಕಂಡು, ದೇವರೆಂದು ಸರಿಯಾಗಿಯೇ ಊಹಿಸಿ, ಅದಕ್ಕೂ ಕೈ ಮುಗಿದರು. ಮೂರನೆಯ ಶತಮಾನದ ಗುವಾನ್ ಯೂ ಎಂಬ ದಂಡನಾಯಕ ದೇವರಾಗಿ ಇಲ್ಲಿನ ಹೋಟೆಲುಗಳನ್ನು ಕಾಯುತ್ತಿದ್ದಾನೆ. ತಟ್ಟೆಗಳ ಗೋಪುರ ಹೊತ್ತು ಓಡುತ್ತಿದ್ದ ಹುಡುಗನೊಬ್ಬ ಭಕ್ತರನ್ನು ಬಳಸಿಕೊಂಡು ಹೋಗಬೇಕಾಯಿತು.

ನಮಗೆ ಸಿಕ್ಕಿದ್ದು ನಾಲ್ಕು ಸ್ಟೂಲುಗಳ ದುಂಡು ಮೇಜು. ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಅಲ್ಲಿ ಕಡ್ಡಾಯ. ಹಂಚಿಕೊಂಡ ಮೇಲೆ ಅವರ ಕಡೆ ನೋಡದಿರುವುದೂ ಅಷ್ಟೇ ಕಡ್ಡಾಯ. ಎದುರಿಗೆ ಒಬ್ಬ ವೃದ್ಧರು ಪತ್ರಿಕೆಯ ಕುದುರೆ ರೇಸಿನ ಪುಟವನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡು, ಪೆನ್ನು ಹಿಡಿದು, ಪರೀಕ್ಷೆ ಬರೆಯುವ ಹುಡುಗನ ಗಾಂಭೀರ್ಯದಲ್ಲಿ ಗುರುತು ಹಾಕುತ್ತಿದ್ದರು. ಬುಧವಾರ ರಾತ್ರಿ ಹ್ಯಾಪಿ ವ್ಯಾಲಿಯಲ್ಲಿ ರೇಸು ನಡೆಯುವುದರಿಂದ ಆ ಮಧ್ಯಾಹ್ನ ಊರಿನ ಅರ್ಧ ಮೇಜುಗಳ ಮೇಲೆ ಇದೇ ಪುಟ ಹರಡಿರುತ್ತದೆ. ಇನ್ನೊಂದು ಸ್ಟೂಲಿನಲ್ಲಿ ಮೊಬೈಲಿಗೆ ಕಣ್ಣು ನೆಟ್ಟ ತರುಣಿಯೊಬ್ಬಳು ನೂಡಲ್ಸ್ ಎಳೆದುಕೊಳ್ಳುತ್ತಿದ್ದಳು. ಮಾವ ಇಬ್ಬರಿಗೂ ಪ್ರತ್ಯೇಕವಾಗಿ, ಕನ್ನಡದಲ್ಲೇ, “ನಮಸ್ಕಾರ, ಊಟ ಮಾಡಿ, ಊಟ ಮಾಡಿ” ಎಂದರು. ತರುಣಿ ಇಯರ್‌ಫೋನನ್ನು ಇನ್ನಷ್ಟು ಒಳಕ್ಕೆ ತಳ್ಳಿಕೊಂಡಳು. ವೃದ್ಧರು ಮಾತ್ರ ತಲೆಯಾಡಿಸಿದರು.

ಕುಳಿತ ಕೂಡಲೇ ಪ್ಲಾಸ್ಟಿಕ್ ಲೋಟಗಳಲ್ಲಿ ಬಿಸಿ ಚಹಾ ಬಂತು. ಪರಿಚಾರಿಕೆ ವೃದ್ಧರ ಲೋಟವನ್ನೂ ತುಂಬಿಸಿದಾಗ ಅವರು ಪತ್ರಿಕೆಯಿಂದ ಕಣ್ಣೆತ್ತದೆ ಎರಡು ಬೆರಳಿನಿಂದ ಮೇಜನ್ನು ಕುಟ್ಟಿದರು. ಹಿಂದೆ ಚಿಯೆನ್‌ಲಾಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುತ್ತಿದ್ದಾಗ ತನ್ನ ಸೇವಕರಿಗೆ ತಾನೇ ಚಹಾ ಸುರಿದನೆಂದೂ, ಅಡ್ಡಬಿದ್ದರೆ ಗುಟ್ಟು ರಟ್ಟಾಗುತ್ತದೆಂದು ಅವರು ಬೆರಳುಗಳನ್ನೇ ಮಡಿಸಿ ಅಡ್ಡಬೀಳಿಸಿದರೆಂದೂ ಒಂದು ಕಥೆಯಿದೆ. ಈ ಕುಟ್ಟುವಿಕೆಯೇ ಕೃತಜ್ಞತೆ. ನಾನು ಇದನ್ನು ಹೇಳುವ ಮುನ್ನವೇ ಮಾವ, ಎದುರಿನವರು ಸಂಗೀತ ಬಲ್ಲವರೆಂದು ತೀರ್ಮಾನಿಸಿ, ತಾವೂ ಮೇಜಿನ ಮೇಲೆ ಆದಿತಾಳ ಹಾಕಿ ಒಂದು ಆವರ್ತ ಪೂರ್ತಿ ಮುಗಿಸಿದರು. ಒಂದು ಲೋಟ ಚಹಾಕ್ಕೆ ಅಷ್ಟೊಂದು ಕೃತಜ್ಞತೆಯನ್ನು ಆ ಅಂಗಡಿ ಹಿಂದೆಂದೂ ಕಂಡಿರಲಾರದು. ಪರಿಚಾರಿಕೆ ಏನು ತಿಳಿದಳೋ, ಅವರ ಲೋಟಕ್ಕೆ ಇನ್ನೂ ಸ್ವಲ್ಪ ಸುರಿದಳು.

ಆರ್ಡರು ತೆಗೆದುಕೊಳ್ಳಲು ಆಕೆ ಚೀಟಿ ಹಿಡಿದು ನಿಂತಾಗ ಮಾವ ವಿಚಾರಣೆ ಶುರುಮಾಡಿದರು. ಹಂದಿ ಯಾವ ಭಾಗದ್ದು? ಎಷ್ಟು ಹೊತ್ತು ಬೇಯಿಸಿದ್ದು? ಮೆಣಸು ಹಾಕಿದೆಯೇ? ಇವನ್ನೆಲ್ಲ ಅನುವಾದಿಸಿದರೆ ನಾಳೆಯಿಂದ ನನಗೆ ಆ ಅಂಗಡಿಯಲ್ಲಿ ಜಾಗ ಸಿಗದೆಂದು ಬಲ್ಲ ನಾನು, ಮಾವನಿಗೆ ಎರಡು ಬಗೆಯ ಹಂದಿಮಾಂಸದ ಅನ್ನ, ನನಗೆ ವಾನ್‌ಟನ್ ಎಂಬ ಪುಟ್ಟ ಸೀಗಡಿ ಕಡುಬುಗಳ ನೂಡಲ್ಸ್, ಇಬ್ಬರಿಗೂ ತಣ್ಣನೆಯ ನಿಂಬೆ ಚಹಾ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಆಕೆ ಚೀಟಿಯ ಮೇಲೆ ನಾಲ್ಕು ಗೀರು ಎಳೆದು ಮಾಯವಾದಳು. ತಣ್ಣನೆಯ ಪಾನೀಯಕ್ಕೆ ಅಲ್ಲಿ ಎರಡು ಮೂರು ಡಾಲರು ಹೆಚ್ಚು. “ಕಾಯಿಸಿದ್ದಕ್ಕೆ ಸೌದೆ ಖರ್ಚು ಅಂತ ಜಾಸ್ತಿ ತಗೊಂಡ್ರೆ ನ್ಯಾಯ. ಇವ್ರು ಆರಿಸಿ ಕೊಟ್ಟು ದುಡ್ಡು ಕೇಳ್ತಾರಲ್ಲಯ್ಯ!” ಎಂದು ಮಾವ ತಕರಾರು ತೆಗೆಯುವಷ್ಟರಲ್ಲಿ ಚಹಾವೂ ತಟ್ಟೆಯೂ ಬಟ್ಟಲೂ ಮೇಜಿನ ಮೇಲೆ ಕುಕ್ಕಿ ಬಿದ್ದವು.

ತಟ್ಟೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಡೆ ಚಾ ಸಿಯು: ಹಂದಿಯ ಹೆಗಲಿನ ಭಾಗದ ಉದ್ದನೆಯ ಪಟ್ಟಿಗಳನ್ನು ಸೋಯಾ, ಸಕ್ಕರೆ, ಪಂಚಮಸಾಲೆಯಲ್ಲಿ ನೆನೆಸಿ, ಒಲೆಯೊಳಗೆ ನೇತುಹಾಕಿ ಸುಟ್ಟು, ಪಾಕ ಸವರಿ ತೆಗೆದದ್ದು. ಬಲ್ಲವರು ‘ಅರ್ಧ ಕೊಬ್ಬು, ಅರ್ಧ ಮಾಂಸ’ ಎಂದು ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ಕೊಬ್ಬು ಸುಡುವಾಗ ಅರ್ಧ ಕರಗಿ, ಅಂಚಿನಲ್ಲಿ ಸಕ್ಕರೆ ಕಪ್ಪಾಗಿ, ಹಲ್ಲಿಗೆ ಮೊದಲು ಗರಿ, ನಂತರ ಜಿಗುಟು, ಕೊನೆಗೆ ಏನೂ ಇಲ್ಲದಂತೆ ಜಾರುತ್ತದೆ. ಇನ್ನೊಂದು ಕಡೆ ಸಿಯು ಯುಕ್: ಹೊಟ್ಟೆಯ ಭಾಗದ ದಪ್ಪ ತುಂಡು, ಅದರ ಚರ್ಮಕ್ಕೆ ಮುಳ್ಳಿನಿಂದ ಚುಚ್ಚಿ ಚುಚ್ಚಿ ಉಪ್ಪು ಸವರಿ ಸುಟ್ಟಿರುವುದರಿಂದ ಮೇಲ್ಪದರ ಹಪ್ಪಳದಂತೆ ಉಬ್ಬಿರುತ್ತದೆ. ಗಾಜಿನ ಹಿಂದಿನ ಮನುಷ್ಯ ದುಂಡನೆಯ ಮರದ ಕೊರಡಿನ ಮೇಲೆ ಅಗಲವಾದ ಮಚ್ಚಿನಿಂದ ಇವನ್ನು ಕತ್ತರಿಸಿ, ಅದೇ ಮಚ್ಚಿನ ಅಲಗಿನ ಮೇಲೆ ಇಡೀ ಸಾಲನ್ನು ಎತ್ತಿ, ಒಂದು ತುಂಡೂ ಕದಲದಂತೆ ಅನ್ನದ ಮೇಲೆ ಜಾರಿಸುವುದನ್ನು ನೋಡಲೆಂದೇ ನಾನು ಎಷ್ಟೋ ಸಲ ಬೀದಿಯಲ್ಲಿ ನಿಂತಿದ್ದೇನೆ.

ಮಾವ ಚಾಪ್‌ಸ್ಟಿಕ್ಕನ್ನು ಒಮ್ಮೆ ಕೈಯಲ್ಲಿ ಹಿಡಿದು, ಗೌರವದಿಂದ ಪಕ್ಕಕ್ಕಿಟ್ಟು, ಕೈಯಿಂದಲೇ ಊಟಕ್ಕೆ ತೊಡಗಿದರು. ಎಲ್ಲರೂ ತಿರುಗಿ ನೋಡಬಹುದೆಂದು ನಾನು ಹೆದರಿದ್ದೆ. ಒಬ್ಬರೂ ನೋಡಲಿಲ್ಲ. ಆ ಹೊತ್ತಿನಲ್ಲಿ ಆ ಅಂಗಡಿಯಲ್ಲಿ ಆನೆ ಬಂದು ಕೂತು ಸೊಂಡಿಲಿನಿಂದ ಉಂಡರೂ, ಬೇಗ ಉಂಡು ಎದ್ದರೆ ಯಾರದ್ದೂ ಆಕ್ಷೇಪಣೆ ಇರುವುದಿಲ್ಲ. ಮೊದಲ ತುತ್ತಿಗೆ ಮಾವ ಕಣ್ಣು ಮುಚ್ಚಿದರು. ಎರಡನೆಯದಕ್ಕೆ, “ಸಿಹಿ ಜಾಸ್ತಿ ಆಯ್ತು, ಕಾಳುಮೆಣಸು ಬೇಕಿತ್ತು” ಎಂದರು. ಆಮೇಲೆ ಮಾತು ನಿಂತದ್ದರಿಂದ ಮೆಣಸಿನ ಕೊರತೆಯನ್ನು ಅವರು ಮನ್ನಿಸಿದರೆಂದು ತಿಳಿದೆ.

ಈ ಊರಿನ ತಾಯಂದಿರು ಮಾತು ಕೇಳದ ಮಕ್ಕಳಿಗೆ ‘ನಿನ್ನನ್ನು ಹೆರುವ ಬದಲು ಒಂದು ತುಂಡು ಚಾ ಸಿಯು ಹೆತ್ತಿದ್ದರೂ ಮೇಲಾಗಿತ್ತು’ ಎಂದು ಬೈಯುತ್ತಾರೆಂದು ನಾನು ಹೇಳಿದಾಗ ಅವರಿಗೆ ಅನ್ನ ನೆತ್ತಿಗೇರಿತು. “ನಮ್ಮವ್ವ ನಂಗೆ ಕಲ್ಲು ಅಂತಿದ್ಲು ಕಣೋ. ಕಲ್ಲು ಹೆತ್ತಿದ್ರೆ ಬಟ್ಟೆ ಒಗೆಯೋಕಾದ್ರೂ ಆಗ್ತಿತ್ತು ಅಂತ. ಇವ್ರೇ ವಾಸಿ, ಹೊಟ್ಟೆಗಾದ್ರೂ ಆಗುತ್ತೆ” ಎಂದು ಕೆಮ್ಮುತ್ತಲೇ ನಕ್ಕರು.

ನನ್ನ ಬಟ್ಟಲಿನ ಕಥೆ ಅಷ್ಟು ಸುಖದ್ದಲ್ಲ. ವಾನ್‌ಟನ್ ನೂಡಲ್ಸಿನ ಎಳೆಗಳನ್ನು ಮೊಟ್ಟೆ ಮತ್ತು ಕ್ಷಾರದ ನೀರು ಬೆರೆಸಿ ಮಾಡುವುದರಿಂದ ಅವಕ್ಕೆ ರಬ್ಬರಿನ ಪುಟಿತವಿರುತ್ತದೆ, ಆದರೆ ಬಿಸಿ ಸಾರಿನಲ್ಲಿ ಕೂತಷ್ಟೂ ಅವು ಊದಿಕೊಂಡು ಸತ್ವ ಕಳೆದುಕೊಳ್ಳುತ್ತವೆ. ಹೀಗಾಗಬಾರದೆಂದು ಒಳ್ಳೆಯ ಅಡುಗೆಯವರು ಬಟ್ಟಲಿನ ತಳದಲ್ಲಿ ಚಮಚವನ್ನೂ ಸೀಗಡಿ ತುಂಬಿದ ವಾನ್‌ಟನ್‌ಗಳನ್ನೂ ಇಟ್ಟು ನೂಡಲ್ಸನ್ನು ಅವುಗಳ ಮೇಲೆ ಕೂರಿಸುತ್ತಾರೆ. ಇಷ್ಟೆಲ್ಲ ಮುತುವರ್ಜಿ ವಹಿಸಿದ ಅಡುಗೆಯವನಿಗೆ ನನ್ನ ಮಾವನ ಪ್ರಶ್ನೆಗಳ ಅಂದಾಜಿರಲಿಲ್ಲ. ಆ ಹೆಬ್ಬಾತಿನ ಚರ್ಮ ಅಷ್ಟು ಬಿಗಿಯಾಗಿರುವುದೇಕೆ ಎಂದು ಕೇಳಿದರು. ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿ ಊದಿ, ಬಿಸಿನೀರು ಹೊಯ್ದು, ಪಾಕ ಬಳಿದು ಒಣಗಿಸಿ ಆಮೇಲೆ ಸುಡುತ್ತಾರೆಂದು ವಿವರಿಸುವಷ್ಟರಲ್ಲಿ ನೂಡಲ್ಸ್ ಒಂದು ಸುತ್ತು ದಪ್ಪವಾಯಿತು. ಸಾರಿನಲ್ಲಿ ಮೀನಿನ ವಾಸನೆ ಎಲ್ಲಿಂದ ಎಂದರು. ಒಣಗಿಸಿದ ಚಪ್ಪಟೆ ಮೀನು ಹಾಕಿ ಕುದಿಸುತ್ತಾರೆ ಎನ್ನುವಷ್ಟರಲ್ಲಿ ಇನ್ನೊಂದು ಸುತ್ತು. ಕೊನೆಗೆ ನಾನು ತಿಂದದ್ದು ಶಾವಿಗೆ ಪಾಯಸದ ಮರುದಿನದ ರೂಪವನ್ನು.

ಅನಾಹುತ ನಡೆದದ್ದು ನಿಂಬೆ ಚಹಾದಲ್ಲಿ. ಆ ಎತ್ತರದ ಲೋಟದ ತಳದಲ್ಲಿ ನಿಂಬೆಯ ಬಿಲ್ಲೆಗಳಿರುತ್ತವೆ. ಉದ್ದನೆಯ ಚಮಚದಿಂದ ಅವನ್ನು ಕುಟ್ಟಿದರೆ ರಸ ಬಿಡುತ್ತದೆ. ತೋಟದ ಕೆಲಸ ಮಾಡಿದ ಮಾವನ ಕೈಗೆ ಕುಟ್ಟುವುದೆಂದರೆ ಕುಟ್ಟುವುದೇ. ಎರಡನೆಯ ಪೆಟ್ಟಿಗೆ ಮೇಲಿನ ಬಿಲ್ಲೆ ಹಾರಿ, ಎದುರಿನ ವೃದ್ಧರ ರೇಸಿನ ಪುಟದ ಮೇಲೆ, ಐದನೆಯ ಪಂದ್ಯದ ನಡುಮಧ್ಯೆ ಅಂಟಿಕೊಂಡಿತು. ತರುಣಿ ಮೊದಲ ಬಾರಿಗೆ ಮೊಬೈಲಿನಿಂದ ಕಣ್ಣೆತ್ತಿದಳು. ಮಾವ ಎದ್ದುನಿಂತು ಕ್ಷಮೆ ಕೇಳತೊಡಗಿದರು. ನಾನು ಒರೆಸಲು ಕಾಗದ ಹುಡುಕಿದೆ. ಅಂಥ ಅಂಗಡಿಗಳಲ್ಲಿ ಮೇಜಿನ ಮೇಲೆ ಕಾಗದ ಇಡುವ ಪದ್ಧತಿಯಿಲ್ಲ, ಊರಿನವರೆಲ್ಲ ಜೇಬಿನಲ್ಲಿ ಟಿಶ್ಯೂ ಪೊಟ್ಟಣ ಇಟ್ಟುಕೊಂಡೇ ಊಟಕ್ಕೆ ಬರುತ್ತಾರೆ. ವೃದ್ಧರು ಮಾತ್ರ ಅವಸರ ಮಾಡಲಿಲ್ಲ. ಬಿಲ್ಲೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ಅದರ ಕೆಳಗೆ ಒದ್ದೆಯಾಗಿದ್ದ ಕುದುರೆಯ ಹೆಸರನ್ನು ಓದಿ, ಮಾವನ ಮುಖವನ್ನೊಮ್ಮೆ ನೋಡಿ, ತಾವು ಮೊದಲು ಗುರುತು ಹಾಕಿದ್ದನ್ನು ಹೊಡೆದು ಹಾಕಿ, ಒದ್ದೆ ಹೆಸರಿನ ಸುತ್ತ ದಪ್ಪನೆಯ ವೃತ್ತ ಎಳೆದರು.

ಕೈ ತೊಳೆಯಲು ಜಾಗ ಕೇಳಿದರೆ ಅಡುಗೆಮನೆ ದಾಟಿ ಹೋಗಬೇಕಿತ್ತು. ವೃದ್ಧರು ತಮ್ಮ ಲೋಟದಲ್ಲಿ ಉಳಿದ ಚಹಾದಿಂದ ಬೆರಳು ತೊಳೆದು ತೋರಿಸಿದರು. ಮಾವನೂ ಹಾಗೆಯೇ ಮಾಡಿದರು. ಹೊರಗಿನ ಸಾಲು ಗಾಜಿನವರೆಗೆ ಬಂದಿದ್ದರಿಂದ ಪರಿಚಾರಿಕೆ ಬಿಲ್ಲಿನ ಚೀಟಿಯನ್ನು ತಟ್ಟೆಯ ಅಂಚಿಗೆ ಸಿಕ್ಕಿಸಿ, ನಮ್ಮ ಬೆನ್ನ ಹಿಂದೆಯೇ ಒರೆಸುವ ಬಟ್ಟೆ ಹಿಡಿದು ನಿಂತಳು. ಮಾವ ವೃದ್ಧರ ಚೀಟಿಯನ್ನೂ ಎತ್ತಿಕೊಂಡರು. “ಹಿರಿಯರ ಪೇಪರು ಹಾಳು ಮಾಡಿದೀನಿ, ಊಟ ನನ್ನ ಲೆಕ್ಕ” ಎಂಬುದು ಅವರ ವಾದ. ವೃದ್ಧರು ಚೀಟಿಯ ಇನ್ನೊಂದು ತುದಿ ಹಿಡಿದುಕೊಂಡರು. ಇಬ್ಬರೂ ಒಬ್ಬರದು ಇನ್ನೊಬ್ಬರಿಗೆ ಅರಿಯದ ಭಾಷೆಗಳಲ್ಲಿ ಎಳೆದಾಡುತ್ತಿದ್ದಂತೆ ಪರಿಚಾರಿಕೆ ಚೀಟಿಯನ್ನು ಕಿತ್ತುಕೊಂಡು, ವೃದ್ಧರ ಕೈಗೆ ಕೊಟ್ಟು, ನಮ್ಮಿಬ್ಬರನ್ನು ಗಲ್ಲಾದ ಕಡೆಗೆ ಬೆರಳಿನಿಂದ ಅಟ್ಟಿದಳು. ಅಲ್ಲಿ ಮಾವ ಬಿಟ್ಟುಬಂದ ಹತ್ತು ಡಾಲರಿನ ಭಕ್ಷೀಸನ್ನು ಹಿಡಿದುಕೊಂಡು ಆಕೆಯೇ ಫುಟ್‌ಪಾತಿನವರೆಗೆ ಓಡಿಬಂದು, ಮರೆತುಹೋದ ಚಿಲ್ಲರೆಯೆಂದು ಅವರ ಅಂಗೈಯಲ್ಲಿ ತುರುಕಿ, ಗದರಿಸಿ, ಹಾಗೇ ಓಡಿದಳು. ತಮ್ಮನ್ನು ಇಷ್ಟು ಕಾಳಜಿಯಿಂದ ಗದರಿಸುವವರು ಅತ್ತೆಯನ್ನು ಬಿಟ್ಟರೆ ಯಾರೂ ಇರಲಿಲ್ಲವೆಂದು ಮಾವ ಸಂತೋಷಪಟ್ಟರು.

ಮರುದಿನ ಅದೇ ಹೊತ್ತಿಗೆ ಅಲ್ಲಿಗೇ ಹೋಗಬೇಕೆಂದು ಅವರು ಹಟ ಹಿಡಿದರು. ಹೆಬ್ಬಾತು ತಿನ್ನೋಣವೆಂದು ಹೊರಟವರು ಬಾತುಕೋಳಿಗಿಂತ ಅದರ ಬೆಲೆ ಎಷ್ಟು ಹೆಚ್ಚೆಂದು ತಿಳಿದ ಮೇಲೆ ಬಾತುಕೋಳಿಗೇ ಒಪ್ಪಿದರು. ತಿನ್ನುವಾಗಲೂ ಅವರ ಕಣ್ಣು ಬಾಗಿಲ ಕಡೆಯೇ ಇತ್ತು, ಏಕೆಂದರೆ ವೃದ್ಧರು ಬಂದಿರಲಿಲ್ಲ. ಕುದುರೆ ಸೋತು ಅವರು ಮುನಿಸಿಕೊಂಡಿರಬಹುದು ಎಂದು ನಾನು ಹೇಳಿದ್ದನ್ನು ಮಾವ ಒಪ್ಪಲಿಲ್ಲ.

“ಗೆದ್ದಿರ್ತಾರೆ ಕಣೋ,” ಎಂದರು ಮೂಳೆ ಚೀಪುತ್ತ. “ಹೆಬ್ಬಾತು ತಿನ್ನೋಕೆ ದೊಡ್ಡ ಹೋಟ್ಲಿಗೆ ಹೋಗಿರ್ತಾರೆ.”