ಮರಳಿನ ತೇವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು
ಕಾಂಕ್ರೀಟಿನ ಬಲವೆಲ್ಲ ಸಿಮೆಂಟಿನದೇ ಎಂದು ಲೇಖನವೊಂದು ಹೇಳಿದ್ದನ್ನು ನಾನು ಒಪ್ಪಲಾರೆ. ಏಕೆಂದರೆ ಕಾಂಕ್ರೀಟಿನ ಗಾತ್ರದಲ್ಲಿ ಸಾಮಾನ್ಯವಾಗಿ ಶೇಕಡ 60ರಿಂದ 75ರಷ್ಟನ್ನು ಮರಳು ಮತ್ತು ಜಲ್ಲಿಯೇ ತುಂಬಿರುತ್ತವೆ. ದಪ್ಪ ಜಲ್ಲಿಯ ಸಂದುಗಳನ್ನು ಸಣ್ಣ ಜಲ್ಲಿಯೂ ಅದರ ಸಂದುಗಳನ್ನು ಮರಳೂ ತುಂಬುವಂತಿದ್ದರೆ ಕಡಿಮೆ ಸಿಮೆಂಟಿನಲ್ಲೇ ದಟ್ಟವಾದ ಮಿಶ್ರಣ ಸಿಗುತ್ತದೆ. ಲೇಖನ ಕೈಬಿಟ್ಟಿರುವ, ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಸಂಗತಿಯೆಂದರೆ ತೇವ. ಮರಳಿನಲ್ಲಿ ಶೇಕಡ 5ರಷ್ಟು ನೀರಿದ್ದಾಗ, ಕಣಗಳ ಸುತ್ತ ನೀರಿನ ತೆಳುಪೊರೆ ಕಟ್ಟಿ ಅವು ಒಂದರಿಂದೊಂದು ದೂರ ಸರಿಯುವುದರಿಂದ, ರಾಶಿಯ ಗಾತ್ರ ಶೇಕಡ 20ಕ್ಕೂ ಹೆಚ್ಚು ಉಬ್ಬಬಹುದು. ಅಂಥ ಮರಳನ್ನು ಪೆಟ್ಟಿಗೆಯಲ್ಲಿ ಅಳೆದು ಹಾಕಿದರೆ ಮಿಶ್ರಣಕ್ಕೆ ಮರಳು ಕಡಿಮೆಯಾಗಿ, ನೀರು ಹೆಚ್ಚಾಗಿ ಸೇರುತ್ತದೆ. ತೂಕ ಮಾಡಿ ಹಾಕುವುದೇ ಸರಿಯಾದ ಕ್ರಮ, ಆದರೆ ಆಗಲೂ ಮರಳಿನೊಳಗಿನ ನೀರನ್ನು ಬೆರೆಸುವ ನೀರಿನ ಲೆಕ್ಕದಿಂದ ಕಳೆಯಲೇಬೇಕು.