ಟಿವಿಗಿಲ್ಲದ ರೂಲ್ಸು ಅಮ್ಮನ ತಾಳಕ್ಕೆ

ಬೆಳಿಗ್ಗೆ ಫಿಜಿಯೋಥೆರಪಿ ಸೆಂಟರಿನಲ್ಲಿ ಜಗಳ ಆಡಿ ಬಂದಿದ್ದೇನೆ. ತಲೆ ಇನ್ನೂ ಬಿಸಿ ಇದೆ. ಇಲ್ಲಿ ಕಕ್ಕಿಬಿಡುತ್ತೇನೆ.

ಅಮ್ಮನಿಗೆ ಸ್ಟ್ರೋಕ್ ಆಗಿದೆ. ಎಡಗಾಲು ಇನ್ನೂ ಹಠ ಮಾಡುತ್ತದೆ. ಬಲಗಾಲು ಮುಂದೆ ಹೋದರೆ ಇದು ನೆಲ ಸವರಿಕೊಂಡು ಹಿಂದಿನಿಂದ ಬರುತ್ತದೆ. ಮೊಬೈಲಿನಲ್ಲಿ ಒಂದು ನಿಧಾನದ ಭಜನೆ ಹಾಕಿದರೆ ಮಾತ್ರ ಅದೇ ಕಾಲು ತಾಳದ ಪೆಟ್ಟಿಗೆ ಸರಿಯಾಗಿ ಎದ್ದು ಬೀಳುತ್ತದೆ. ಚಪ್ಪಲಿಯ ಸರ್‍ರ್ ಸದ್ದು ನಿಂತು ಟಪ್ ಟಪ್ ಅನ್ನುತ್ತದೆ.

ಇವತ್ತು ಹಾಗೆ ಹಾಕಿದ್ದಕ್ಕೆ ಅಲ್ಲಿನ ಮ್ಯಾನೇಜರ್ ಬಂದು, "ಸರ್, ಹಾಡು ಗೀಡು ಬೇಡ, ಬೇರೆಯವರಿಗೆ ಡಿಸ್ಟರ್ಬ್ ಆಗುತ್ತೆ" ಅಂದರು. ಅವರ ತಲೆ ಮೇಲೇ ಟಿವಿ. ಅದರಲ್ಲಿ ನಾಲ್ಕು ಜನ ಒಟ್ಟಿಗೆ ಕಿರುಚುತ್ತಿದ್ದರು. ಅದು ಡಿಸ್ಟರ್ಬ್ ಅಲ್ವಂತೆ!

ತಾಳಕ್ಕೆ ನಡೆಸುವುದು ನಾನು ಕಂಡುಹಿಡಿದದ್ದಲ್ಲ. 1990ರ ದಶಕದಲ್ಲೇ ಅಮೆರಿಕದ ಕೊಲರಾಡೊದಲ್ಲಿ ಮೈಕೆಲ್ ಥಾಟ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಸ್ಟ್ರೋಕ್ ಆದವರನ್ನೂ ಪಾರ್ಕಿನ್ಸನ್ ಇದ್ದವರನ್ನೂ ಹೀಗೆ ನಡೆಸಿ ನೋಡಿದ್ದಾರೆ. ಹೆಜ್ಜೆ ಉದ್ದವಾಯಿತು, ನಡಿಗೆ ಚುರುಕಾಯಿತು. ಮೊದಲು ರೋಗಿ ನಿಮಿಷಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆ ಅಂತ ಎಣಿಸಬೇಕು. ಅದೇ ವೇಗದ ತಾಳ ಕೊಡಬೇಕು. ಕಾಲು ಹೊಂದಿಕೊಂಡ ಮೇಲೆ ಸ್ವಲ್ಪ ಸ್ವಲ್ಪ ಏರಿಸಬೇಕು. ಮುಂದಿನ ಪೆಟ್ಟು ಯಾವಾಗ ಅಂತ ಮಿದುಳಿಗೆ ಮೊದಲೇ ಗೊತ್ತಾಗುತ್ತದೆ, ಕಾಲು ತಯಾರಾಗಿ ನಿಲ್ಲುತ್ತದೆ. ಅಮ್ಮನದು ಈಗ ನಿಮಿಷಕ್ಕೆ 52. ವೇಗದ ಭಜನೆ ಹಾಕಿದರೆ ಎಡವುತ್ತಾಳೆ. ಒಂದು ಸಲ ಹಾಕಿ ಬೈಸಿಕೊಂಡಿದ್ದೇನೆ.

ಬರೀ ಹಾಡು ಕೇಳಿದರೆ ಕಾಲು ಬರುತ್ತಾ ಅಂತ ಕೇಳುವವರಿದ್ದೀರಿ. ಬರಲ್ಲ ಸ್ವಾಮಿ. ವ್ಯಾಯಾಮ ಬೇಡ ಅಂದವರ್‍ಯಾರು? ಆ ತಾಳ ಇರುವುದೇ ವ್ಯಾಯಾಮಕ್ಕೆ. ಇಯರ್‌ಫೋನ್ ಹಾಕಿ ಅಂತೀರಾ? ಫಿಜಿಯೋ ಹುಡುಗಿ "ಮಂಡಿ ಮಡಚಿ ಅಮ್ಮಾ" ಅನ್ನುವುದು ಕೇಳಿಸಬೇಡವಾ?

ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಮೊದಲ ತಿಂಗಳು ನಡೆಯುವಾಗ ಅಮ್ಮನೇ ಏನೋ ಗುನುಗುತ್ತಿದ್ದಳು. "ಸುಮ್ನಿರಮ್ಮ, ಕಾಲಿನ ಕಡೆ ನೋಡು" ಅಂತ ಗದರಿದ್ದೆ. ಸುಮ್ಮನಾದಳು. ಕಾಲು ಮತ್ತೆ ಸವರತೊಡಗಿತು. ಅದು ಯಾಕೆ ಅಂತ ನನಗೆ ಹೊಳೆಯುವಷ್ಟರಲ್ಲಿ ಮೂರು ವಾರ ಕಳೆದಿತ್ತು.

ಮ್ಯಾನೇಜರ್ ಬೇಡ ಅಂದದ್ದು ಹಾಡು ತಾನೇ? ದೇವರ ಮನೆಯ ಕಂಚಿನ ತಾಳ ಒರೆಸಿ ಬ್ಯಾಗಿಗೆ ಹಾಕಿದ್ದೇನೆ. "ಅದು ಅಪ್ಪನ ತಾಳ, ಬೀಳಿಸಬೇಡ" ಅಂತ ಅಮ್ಮ ಎರಡು ಸಲ ಹೇಳಿದ್ದಾಳೆ.